ಅಲಮೇಲು ಮೇಡಂ ಮತ್ತು ಮರಳುಗಾಡಿನ ಹುಲಿ ಜೀರುಂಡೆ

ನಮ್ಮಲ್ಲಿ ಕೀಟಶಾಸ್ತ್ರಜ್ಞರೆಂದರೆ ಪಶ್ಚಿಮಘಟ್ಟದ ಕಾಡು ಸುತ್ತುವವರೇ ಹೆಚ್ಚು. ಬಸವನಗುಡಿಯಲ್ಲಿ ಹುಟ್ಟಿ, ಅಲ್ಲಿನ ಕಾಲೇಜಿನಲ್ಲೇ ಮೂವತ್ತನಾಲ್ಕು ವರ್ಷ ಪ್ರಾಣಿಶಾಸ್ತ್ರ ಬೋಧಿಸಿ, ಸಂಶೋಧನೆಗೆ ಮಾತ್ರ ಹಟ ಹಿಡಿದು ರಾಜಸ್ಥಾನದ ಮರಳುಗಾಡನ್ನೇ ಆರಿಸಿಕೊಂಡ ಡಾ. ಅಲಮೇಲು ಅವರದು ಆ ಸಾಲಿನಲ್ಲಿ ಒಂಟಿ ಹೆಸರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಮೊದಲು ಶಿಷ್ಯೆಯಾಗಿ, ಆಮೇಲೆ ಸಹೋದ್ಯೋಗಿಯಾಗಿ ಅವರ ನೆರಳಿನಲ್ಲಿ ಬೆಳೆದ ನನಗೆ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ಅವರು ಮನಸೋತದ್ದು ಉಗುರಿನಷ್ಟು ಉದ್ದದ ಹುಲಿ ಜೀರುಂಡೆಗೆ. ಬೇಟೆಯ ಹಿಂದೆ ಅದು ಓಡುವ ವೇಗಕ್ಕೆ ಅದಕ್ಕೇ ಕಣ್ಣು ಕಾಣುವುದಿಲ್ಲ. ನಿಂತು, ನೋಡಿ, ಮತ್ತೆ ಓಡಬೇಕು. ಮರಳು ಕಾದಾಗ ಉದ್ದ ಕಾಲುಗಳ ಮೇಲೆ ಮೈಯೆತ್ತಿ ನಿಲ್ಲುತ್ತದೆ. ಅದರ ಮರಿಯೋ, ನೆಟ್ಟಗಿನ ಬಿಲದ ಬಾಯಿಗೆ ತನ್ನ ತಲೆಯನ್ನೇ ಮುಚ್ಚಳ ಮಾಡಿಕೊಂಡು, ಇರುವೆಯೊಂದು ಹತ್ತಿರ ಬರುವ ತನಕ ಅಲ್ಲಾಡದೆ ಕಾಯುತ್ತದೆ. ಇದನ್ನು ನೋಡಲು ಮೇಡಂ ಪ್ರತಿ ಮುಂಗಾರಿಗೂ ರಜೆ ಹಾಕಿ, ಚಟ್ನಿಪುಡಿ, ಅವಲಕ್ಕಿಯ ಡಬ್ಬಿಗಳೊಂದಿಗೆ ರೈಲು ಹತ್ತುತ್ತಿದ್ದರು. ಒಂದು ಬಿಲದ ಮುಂದೆ ಆರು ಗಂಟೆ ಕೂತು, ಮರಿ ಮೂರೇ ಇರುವೆ ಹಿಡಿದದ್ದನ್ನು ಅವರು ವರ್ಣಿಸಿದರೆ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು.

ಉಪ್ಪು ಬಯಲಿನ ಜೀರುಂಡೆಯೂ ಮರಳ ದಿಬ್ಬದ ಜೀರುಂಡೆಯೂ ನೋಡಲು ಒಂದೇ ಥರ. ಆದರೆ ಎರಡೂ ಬೇರೆ ಜಾತಿ ಎಂದು ಮೇಡಂ ಹನ್ನೊಂದು ವರ್ಷದ ಸಂಗ್ರಹದಿಂದ ಸಾಧಿಸಿದ್ದರು. ಲೇಖನ ಪ್ರಕಟಣೆಗೆ ಒಪ್ಪಿಗೆಯಾಗಿತ್ತು. ಆಗಲೇ ಸಂಗ್ರಹದ ಚೀಟಿಗಳು ಬೆರೆತುಹೋಗಿ, ಯಾವ ಜೀರುಂಡೆ ಎಲ್ಲಿಯದೆಂದು ತಿಳಿಯದೆ, ಅವರು ಲೇಖನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇದು ಮೇಡಂ ಅವರ ಮರೆವಿನ ಕಥೆಯಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಓಡಾಡುತ್ತಿದೆ. ಅದು ಸುಳ್ಳು. ತಪ್ಪು ನನ್ನದು.

ಆಯುಧಪೂಜೆಯ ಹಿಂದಿನ ದಿನ ಪ್ರಯೋಗಾಲಯದ ಸಾಮಾನನ್ನೆಲ್ಲ ಒರೆಸಿ, ಸೂಕ್ಷ್ಮದರ್ಶಕಗಳಿಗೆ ಕುಂಕುಮವಿಡುವುದು ನಮ್ಮ ವಿಭಾಗದ ಪದ್ಧತಿ. ನಾನಾಗ ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದ ಅತಿಥಿ ಉಪನ್ಯಾಸಕಿ. ಪ್ರತಿ ಜೀರುಂಡೆಯ ಸೂಜಿಗೂ ಸಿಕ್ಕಿಸಿದ್ದ, ಅದು ಸಿಕ್ಕ ಜಾಗ ಮತ್ತು ದಿನಾಂಕದ ಚೀಟಿಗಳು ಹಳದಿಗಟ್ಟಿದ್ದವು. ಹಬ್ಬಕ್ಕೆ ಮುದ್ದಾದ ಅಕ್ಷರದಲ್ಲಿ ಹೊಸದು ಬರೆದಿಡೋಣವೆಂದು ನೂರ ನಲವತ್ತು ಚೀಟಿಗಳನ್ನೂ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಕರೆಂಟ್ ಹೋಗಿತ್ತು, ಫ್ಯಾನಿನ ಸ್ವಿಚ್ ಆರಿಸಿರಲಿಲ್ಲ. ಕರೆಂಟ್ ಬಂತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ವಿಭಾಗದ ಸಭೆಯಲ್ಲಿ ಪ್ರಾಂಶುಪಾಲರು ಕೇಳಿದರು: "ಇದ್ಯಾರ ಕೆಲ್ಸ ಮೇಡಂ?"

"ನಂದೇ ಸರ್. ಮರೆವು ಜಾಸ್ತಿ ಆಗಿದೆ."

ಮುಂದಿನ ವಾರ ನನ್ನ ಕಾಯಂ ಹುದ್ದೆಯ ಸಂದರ್ಶನವಿತ್ತು. ಪಕ್ಕದಲ್ಲೇ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ, "ಹೇಳ್ಬಿಡ್ತೀನಿ ಮೇಡಂ" ಎಂದು ಅತ್ತೆ.

"ಸುಮ್ನಿರು ಬಿಂದು. ನನಗೆ ಕೆಲ್ಸ ಇದೆ, ನಿನಗೆ ಸಿಗ್ಬೇಕು. ಯಾರ ಹತ್ರಾನೂ ಇದನ್ನ ಎತ್ಬೇಡ. ನಾಳೆ ಬಾ, ಸೂಜಿ ಹಿಡಿಯೋದರಿಂದ ಮತ್ತೆ ಹೇಳ್ಕೊಡ್ತೀನಿ."

ಐವತ್ತು ದಾಟಿದ್ದ ಮೇಡಂ ಮಂಡಿನೋವು ಹೊತ್ತು ಮತ್ತೆ ನಾಲ್ಕು ಮುಂಗಾರು ಮರಳುಗಾಡಿಗೆ ಹೋದರು. ಅಷ್ಟರಲ್ಲಿ ಹೊರದೇಶದ ವಿದ್ವಾಂಸರೊಬ್ಬರು ಉಪ್ಪು ಬಯಲಿನ ಜೀರುಂಡೆಯನ್ನು ಹೊಸ ಜಾತಿಯೆಂದು ಸಾರಿ ಹೆಸರಿಟ್ಟುಬಿಟ್ಟರು. ಸುದ್ದಿ ಬಂದ ದಿನ ಮೇಡಂ ನನ್ನನ್ನು ಗಾಂಧಿಬಜಾರಿಗೆ ಕರೆದೊಯ್ದು ಕಾಫಿ ಕೊಡಿಸಿ, "ನೋಡಿದ್ಯಾ, ನಾನ್ ಹೇಳಿದ್ದೇ ಸರಿ. ಎರಡೂ ಬೇರೆ ಬೇರೆನೇ!" ಎಂದು ಹಿಗ್ಗಿದರು.

ಅಂದು ಅವರು ಹೇಳಿದ ಮಾತನ್ನು ಅವರ ಸೇವೆ ಮುಗಿಯುವ ತನಕ ಪಾಲಿಸಿದೆ. ನನಗೂ ಅದು ಅನುಕೂಲವಾಗಿಯೇ ಇತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಇನ್ನು ಆಗದು. ಭಗವಂತ ಮೇಡಂಗೆ ನೂರು ವರ್ಷದ ಆಯುಸ್ಸನ್ನೂ ಮರಳ ಮೇಲೆ ಕೂರಬಲ್ಲ ಮಂಡಿಯನ್ನೂ ಕೊಡಲಿ. ಹುಲಿ ಜೀರುಂಡೆಯ ಮರಿಗಳ ಬಗ್ಗೆ ಅವರು ಅರ್ಧ ಬರೆದಿರುವ ಪುಸ್ತಕ ಪೂರ್ತಿಯಾಗಲಿ. ಈ ಪುಟ ಓದಿ ನನ್ನನ್ನು ಮನಸಾರೆ ಬೈಯಲಿ. ಸ್ಟಾಫ್ ರೂಮಿನ ಹಿರಿಯ ಕಿರಿಯರಲ್ಲಿ ನನ್ನದೊಂದೇ ಬಿನ್ನಹ: ಆ ಚೀಟಿಗಳ ಕಥೆ ಹೇಳುವಾಗ ನಗುವುದಿದ್ದರೆ ನಗಿ, ಆದರೆ ಇನ್ನು ಮೇಲೆ ನನ್ನ ಹೆಸರು ಹೇಳಿ.