ತಾಳಿ ದಾರದ ಕೀ

ನನ್ನ ಕಣ್ಣು ಕೆಟ್ಟಿದ್ದು ಮದುವೆಯಾದ ಮೇಲೆ. ಹಾಸನದ ಡಾಕ್ಟರು ಕಣ್ಣಿನ ಒಳಪರದೆ ಸವೀತಾ ಇದೆ, ಇರೋದನ್ನ ಕಾಪಾಡಿಕೊಳ್ಳಿ ಅಂದರು. ಹೇಗೆ ಕಾಪಾಡಿಕೊಳ್ಳೋದು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಳೀ ಹಾಳೆ ಮೇಲಿನ ಕರೀ ಅಕ್ಷರ ನನಗೆ ನೀರಿಗೆ ಹಿಟ್ಟು ಕಲಸಿದ ಹಾಗೆ ಕಾಣೋದು. ಕಪ್ಪು ಪರದೆ ಮೇಲೆ ಹಳದಿ ಅಕ್ಷರ ದಪ್ಪಗಿದ್ದರೆ ಮಾತ್ರ ಓದೋಳು. ಅಷ್ಟು ಸಾಕಾಗಿತ್ತು. ನನ್ನ ಕೆಲಸ ಹಳೇ ಕಾಗದಪತ್ರ ನೋಡಿ ಕಂಪ್ಯೂಟರಿಗೆ ಏರಿಸೋದು, ಆ ಕಾಗದಗಳನ್ನೂ ಮೊದಲೇ ಫೋಟೋ ಹಿಡಿದು ಪರದೆ ಮೇಲೆ ಕೊಡ್ತಿದ್ದರು.

ಗುತ್ತಿಗೆ ಕಂಪನಿ ಅದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಕಚೇರಿ. ಈ ವಾರ ಎಲ್ಲಿ ಆಳು ಕಮ್ಮಿಯೋ ಅಲ್ಲಿಗೆ ಅಟ್ಟೋರು. ಒಬ್ಬೊಬ್ಬರಿಗೂ ಹೆಬ್ಬೆರಳಿನಷ್ಟು, ಪೆನ್ ಡ್ರೈವ್ ಥರದ ಒಂದು ಕೀ ಕೊಟ್ಟಿದ್ದರು. ಯಾವ ಊರಿನ ಯಾವ ಕಂಪ್ಯೂಟರಿಗೆ ಸಿಕ್ಕಿಸಿ ನಮ್ಮ ನಂಬರು ಒತ್ತಿದರೂ ಅದು ನಮ್ಮದೇ ಆಗಿಬಿಡೋದು. ನಮ್ಮ ಹೆಸರು, ನಮ್ಮ ಬಣ್ಣ, ನಮ್ಮ ಅಕ್ಷರದ ಅಳತೆ, ಎಲ್ಲಾ ಕೀಯೊಳಗೇ. ಬೇರೆಯವರಿಗೆ ಅದು ಬರೀ ಬಾಗಿಲು ತೆಗೆಯೋ ಸಾಮಾನು. ನನಗೆ ಅದಿಲ್ಲದಿದ್ದರೆ ಅನ್ನ ಇಲ್ಲ.

ಅದರೊಳಗಿನ ಅಳತೆ ಕೂರಿಸಿದ್ದು ನಮ್ಮ ಯಜಮಾನರು. ಅವರದು ಮೋಟಾರು ವೈಂಡಿಂಗ್ ಅಂಗಡಿ, ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೇ. ಆದರೆ ತಾಮ್ರದ ತಂತಿ ಸುತ್ತಿ ಸುತ್ತಿ ಬಂದ ತಾಳ್ಮೆ ಇತ್ತು. ಒಂದು ಭಾನುವಾರ ಹೊಳೆನರಸೀಪುರದ ಕಚೇರೀಲಿ ಸಾಹೇಬರನ್ನ ಕೇಳಿಕೊಂಡು ಪಕ್ಕಕ್ಕೆ ಕುರ್ಚಿ ಎಳಕೊಂಡು ಕೂತರು. ಬಣ್ಣ ಒಂಚೂರು ಬದಲಾಯಿಸೋರು, "ಈಗ ಕಾಣ್ತದಾ?" ಅನ್ನೋರು. ನಾನು ಇಲ್ಲ ಅಂತಿದ್ದೆ. ಇನ್ನೊಂಚೂರು, "ಈಗ ಕಾಣ್ತದಾ?" ಇಲ್ಲ ಅಂದರೆ ಅವರ ಮನಸ್ಸು ನೋಯುತ್ತೆ ಅಂತ ಗೊತ್ತಿದ್ದರೂ ನಾನು ಒಂದು ಸಲವೂ ಸುಳ್ಳು ಹೇಳಲಿಲ್ಲ, ಹೇಳಿದ್ದರೆ ಅವರಿಗೆ ಗೊತ್ತಾಗಿಬಿಡೋದು. ಸಂಜೆ ಹೊತ್ತಿಗೆ ಅಕ್ಷರ ಕಣ್ಣಿಗೆ ಬಂದು ಕೂತಿತು. ನಾನು ಅತ್ತುಬಿಟ್ಟೆ. ಅವರು ಎದ್ದು ಹೋಗಿ ಇಬ್ಬರಿಗೂ ಕಾಫಿ ತಂದರು.

ಮೊದಮೊದಲು ಕೀನ ಟೇಪಿಗೆ ಕಟ್ಟಿ ಕೊರಳಿಗೆ ಹಾಕ್ಕೊಳ್ಳೋಳು. ಅರಕಲಗೂಡಿನ ಬಸ್ಸಲ್ಲಿ ಆ ನೂಕುನುಗ್ಗಲಿಗೆ ಟೇಪು ಹರಿದು, ಕೀ ಯಾರದೋ ಕಾಲಡಿ ಹೋಗಿ, ಅದನ್ನ ತಡಕಾಡೋಷ್ಟರಲ್ಲಿ ಜೀವ ಬಾಯಿಗೆ ಬಂತು. ಮನೇಲಿ ಹೇಳಿದಾಗ ನಮ್ಮತ್ತೆ, ಹೆಂಗಸರು ಪಿನ್ನು ಸಿಕ್ಕಿಸಿಕೊಳ್ಳಲ್ವಾ ತಾಳಿಗೆ, ಹಂಗೇ ಇದನ್ನೂ ಹಾಕ್ಕೊ ಅಂದರು.

"ತಾಳೀಲಿದ್ರೆ ಎಲ್ ಓಯ್ತದೆ? ಅದನ್ನ ಯಾರ್ ಬಿಚ್ತಾರೆ?"

ಸರಿ ಅನ್ನಿಸಿತು. ನಾನು ಚಿನ್ನದ ಸರ ಮಾಡಿಸಿಕೊಂಡೋಳಲ್ಲ. ಅರಿಶಿನದ ದಾರ, ಅದರಲ್ಲಿ ತಾಳಿ, ಎರಡು ಗುಂಡು, ನಾಕು ಪಿನ್ನು, ಜೊತೆಗೆ ಕೀ. ಕಂಪ್ಯೂಟರಿಗೆ ಸಿಕ್ಕಿಸಬೇಕಾದರೆ ಪಿನ್ನಿಂದ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಸಿಕ್ಕಿಸೋಳು. ಕಚೇರಿ ಹುಡುಗಿಯರು, ಅಕ್ಕ, ನಿಮಗೆ ಕಂಪನೀನೇ ತಾಳಿ ಕಟ್ಟೈತೆ ಅಂತ ರೇಗಿಸೋರು.

ಯಜಮಾನರು ಅಂಗಡೀಲೇ ಹೋದರು. ಎದೆ ಉರಿ ಅಂತ ನೀರು ಕುಡಿದು ಕೂತವರು ಮೇಲೇಳಲಿಲ್ಲ. ಆ ದಿನಗಳ ಬಗ್ಗೆ ಬರೆಯೋಕೆ ನನ್ನ ಕೈಲಿ ಆಗಲ್ಲ, ಬರೆಯೋದೂ ಇಲ್ಲ.

ತಿಥಿ ದಿನ ಬೆಳಗ್ಗೆ ಹೆಂಗಸರೆಲ್ಲ ನನ್ನನ್ನ ಹೇಮಾವತಿ ದಡಕ್ಕೆ ನಡೆಸಿಕೊಂಡು ಹೋದರು. ನಮ್ಮವರಲ್ಲಿ ತಾಳಿ ತೆಗೆಯೋದು ಗಂಡ ಕಳಕೊಂಡ ಇನ್ನೊಬ್ಬಳು. ನಮ್ಮತ್ತೆ ಎಂದೋ ಕಳಕೊಂಡಿದ್ದರು, ಈಗ ಮಗನನ್ನೂ ಕಳಕೊಂಡಿದ್ದರು. ಅವರೇ ಕೊರಳಿಗೆ ಕೈ ಹಾಕಿದರು. ಆ ಕೈ ತಾಗಿದಾಗಲೇ ನನಗೆ ಕೀ ನೆನಪಾಗಿದ್ದು.

"ಅತ್ತೆ, ಅದೊಂದು ಬಿಡಿ. ಅದು ಬೇಕು ನಂಗೆ," ಅಂದೆ. ಎರಡೂ ಕೈಲಿ ದಾರ ಹಿಡಕೊಂಡೆ. ಕೀ, ಕೀ ಅಂತ ಕೂಗಿದೆನೋ ಇಲ್ಲವೋ, ಅಳೋ ಬಾಯಿಂದ ಏನು ಹೊರಟಿತೋ. ತಾಳಿ ಬಿಡಲಾರದೆ ಒದ್ದಾಡ್ತಾಳೆ ಅಂತ ಎಲ್ಲರೂ ತಿಳಕೊಂಡರು. ಇಬ್ಬರು ಬಂದು ನನ್ನ ಬೆರಳು ಬಿಡಿಸಿದರು. ಒಬ್ಬಾಕೆ ತಲೆ ಸವರಿ, ಎಲ್ಲಾರೂ ಹಿಂಗೇ ಅನ್ನೋದು ಕಣವ್ವ ಅಂದಳು. ಅವರೂ ನನ್ನ ಜೊತೆ ಅಳ್ತಿದ್ದರು, ಅದೇ ಕರ್ಮ. ಅತ್ತೆ ತಾಳಿ, ಗುಂಡು ಬಿಡಿಸಿ ಸೆರಗಿಗೆ ಗಂಟು ಹಾಕ್ಕೊಂಡರು. ದಾರ, ಪಿನ್ನು, ಕೀ, ಒಡೆದ ಬಳೆ, ಹೂವು, ಎಲ್ಲಾ ಒಂದು ಬಟ್ಟೇಲಿ ಸುತ್ತಿ ನಡುನೀರಿಗೆ ಎಸೆದರು. ಚಿನ್ನ ಬಿಟ್ಟು ದಾರಕ್ಕೆ ಸೇರಿದ್ದೆಲ್ಲಾ ಗಂಡನ ಜೊತೆ ಹೋಗಬೇಕು, ಅದು ರೂಢಿ.

ಹಾಸನದಲ್ಲಿ ಹೊಸ ಕೀ ಕೊಟ್ಟರು, ಯಾರೂ ಬೈಯಲಿಲ್ಲ. ಅರಕಲಗೂಡಿಗೆ ಹಾಕಿದರು. ಸಿಕ್ಕಿಸಿದೆ, ನಂಬರು ಒತ್ತಿದೆ, ತೆರೆದುಕೊಂಡಿತು. ಪರದೆ ತುಂಬಾ ಬಿಳುಪು, ಹೊಸದಾಗಿ ಸುಣ್ಣ ಬಳಿದ ಗೋಡೆ ಥರ. ಒಳಗೆ ನನ್ನದು ಅನ್ನೋದು ಏನೂ ಇರಲಿಲ್ಲ. ಅಕ್ಷರ ದಪ್ಪ ಮಾಡೋ ಜಾಗ ಅದರೊಳಗೇ ಎಲ್ಲೋ ಇತ್ತು, ಅದನ್ನ ಹುಡುಕೋಕೆ ಅಕ್ಷರ ಕಾಣಬೇಕಿತ್ತು. ಎಂಥಾ ಹಾಳು ತಮಾಷೆ! ಪಕ್ಕದ ಹುಡುಗಿ ಊಟದ ಹೊತ್ತಲ್ಲಿ ಪಾಪ ಒಂದಿಷ್ಟು ತಿರುಗಿಸಿ ಕೊಟ್ಟಳು. ಅಕ್ಷರ ದಪ್ಪ ಆಯಿತು, ಅರ್ಧ ಹಾಳೆ ಪರದೆಯಿಂದಾಚೆ ಹೋಯಿತು. ಸಾಕಾ ಅಕ್ಕ ಅಂದಳು, ಅವಳಿಗೂ ಅವಳ ಕೆಲಸ ಇತ್ತು. ಒಂದಿಡೀ ದಿನ ನನ್ನ ಪಕ್ಕ ಕೂತು ಕೇಳೋರು ಯಾರಿದ್ದಾರೆ ಇನ್ನು? ಅಥವಾ ಅತ್ತೂ ಅತ್ತೂ ಕಣ್ಣೇ ಇನ್ನಷ್ಟು ಇಳಿದಿತ್ತೋ ಏನೋ, ಹಳೇ ಅಳತೆ ಸಿಕ್ಕಿದ್ದರೂ ಸಾಲ್ತಿತ್ತೋ ಇಲ್ಲವೋ.

ನಾನು ಏರಿಸಿದ್ದರಲ್ಲಿ ಹೆಸರು ಹೆಸರಿಗೂ ತಪ್ಪು ಬಂತು. ಸಾಹೇಬರು ಒಳ್ಳೇ ಮಾತಲ್ಲೇ ಹೇಳಿದರು, ಮನೇಲಿ ಸ್ವಲ್ಪ ದಿನ ಸುಧಾರಿಸಿಕೊಳ್ಳಿ, ನಾವೇ ಫೋನ್ ಮಾಡ್ತೀವಿ ಅಂತ. ಕೀ ವಾಪಸ್ ಇಸ್ಕೊಂಡರು. ಫೋನ್ ಬರಲ್ಲ ಅಂತ ಬಸ್ ಸ್ಟ್ಯಾಂಡ್ ಸೇರೋ ಮುಂಚೇನೇ ಗೊತ್ತಾಗಿತ್ತು.

ಹೊಳೆನರಸೀಪುರದವರೆಗೂ ಬಸ್ಸಲ್ಲಿ ನಾನು ಅತ್ತೆಯನ್ನ ಮನಸ್ಸಲ್ಲೇ ಬೈಕೊಂಡು ಬಂದೆ. ಹಾಕ್ಕೊ ಅಂದೋರೂ ನೀವೇ, ಬಿಚ್ಚಿದೋರೂ ನೀವೇ, ಚಿನ್ನ ಮಾತ್ರ ಜೋಪಾನ ಮಾಡಿಕೊಂಡ್ರಿ, ನನ್ನ ಅನ್ನ ಹೊಳೆಗೆ ಹಾಕಿದ್ರಿ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಡಬೇಕು ಅಂತ ಇದ್ದೆ. ಮನೆಗೆ ಬಂದ ಮೇಲೆ ಕೆಲಸ ಹೋಯ್ತು ಅಂತಷ್ಟೇ ಹೇಳಿದೆ. ಯಾಕೆ ಅಂದರು. ನಾನು ಬಾಯಿ ತೆಗೆಯೋ ಮುಂಚೆ ಅವರು ಒಳಗೆ ಎದ್ದು ಹೋಗಿ, ಹಳೇ ಸೆರಗಿನ ಚೂರಲ್ಲಿ ಕಟ್ಟಿದ ಗಂಟು ತಂದು, ನನ್ನನ್ನ ಬಾಗಿಲ ಬೆಳಕಿಗೆ ಎಳಕೊಂಡು ಬಂದು, ಅಂಗೈ ಬಿಚ್ಚಿಸಿ ಅದರಲ್ಲಿ ಏನೋ ಸುರಿದರು.

"ನಿಂದು ಇದು ಕಣವ್ವ. ಇದೊಂದನ್ನಾರ ಉಳಿಸಿವ್ನಿ. ಇನ್ನೇನ್ ಉಳ್ಸಕಾಯ್ತು ನನ್ ಕೈಲಿ?" ಅಂದು ನನ್ನ ಕೈನ ಇನ್ನೂ ಮೇಲಕ್ಕೆ ಎತ್ತಿ ಹಿಡಿದರು. "ಕಾಣ್ತದಾ?"

ಬೆರಳಿಗೆ ಎರಡು ಗುಂಡು, ಒಂದು ತಾಳಿ ತಾಗಿದವು. ಕಣ್ಣಿಗೆ ಬರೀ ಬಾಗಿಲ ಬಿಳುಪು.

"ಕಾಣ್ತದೆ ಅತ್ತೆ," ಅಂದೆ.