ಚಳಿ ತಡೆದ ಮನೆ

ಯಾರ ಮನೆಗೆ ಹೋದರೂ ಅಂಕಲ್ ಮೊದಲು ಕಿಟಕಿಯ ಹತ್ತಿರ ಹೋಗಿ, ಜ್ವರ ಬಂದ ಮಗುವಿನ ಕತ್ತು ಮುಟ್ಟಿ ನೋಡುವವರ ಹಾಗೆ, ಗಾಳಿ ನುಸುಳುತ್ತಿದೆಯೇ ಎಂದು ಬಲಗೈಯ ಹಿಂಬದಿಯನ್ನು ಚೌಕಟ್ಟಿನ ಉದ್ದಕ್ಕೂ ಮೆಲ್ಲಗೆ ಆಡಿಸುತ್ತಿದ್ದರು. ಸಂದುಗಳಿಗೆ ಮೆತ್ತುವ ಬಿಳಿ ಅಂಟು ಅವರ ಉಗುರಿನ ಸುತ್ತ ಸದಾ ಒಣಗಿರುತ್ತಿತ್ತು. ಮನೆಯವರು ಹೊಸ ಗ್ರಾನೈಟ್ ತೋರಿಸಲು ಕಾಯುತ್ತಿದ್ದರೆ ಇವರು ಬಾತ್‌ರೂಮಿನ ಹಬೆ ಹೊರಗೆಳೆಯುವ ಫ್ಯಾನ್ ಹಾಕಿ, ಅದರ ಬಾಯಿಗೆ ಟಿಶ್ಯೂ ಹಿಡಿದು, ಅದು ಅಂಟಿಕೊಳ್ಳುತ್ತದೋ ಬೀಳುತ್ತದೋ ಎಂದು ತಲೆಯೆತ್ತಿ ನಿಂತಿರುತ್ತಿದ್ದರು. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಕನ್ನಡಿಗರ ಗುಂಪಿನಲ್ಲಿ ಇದನ್ನು ನೋಡಿ ಮುಸಿಮುಸಿ ನಗುತ್ತಿದ್ದವರಲ್ಲಿ ನಾನೂ ಒಬ್ಬಳು.

ಡೆಟ್ರಾಯಿಟ್‌ನ ದೊಡ್ಡ ಕಟ್ಟಡಗಳ ಹೊರಮೈಯನ್ನು ವಿನ್ಯಾಸ ಮಾಡುವುದು ಅವರ ಕೆಲಸ. ಮಳೆ ಒಳಗೆ ಬರಬಾರದು, ಬಿಸಿ ಹೊರಗೆ ಹೋಗಬಾರದು, ಒಳಗಿನ ತೇವ ಗೋಡೆಯಲ್ಲಿ ಸಿಕ್ಕಿಕೊಳ್ಳಬಾರದು. "ಮನೆಗೆ ಸ್ವೆಟರ್ ಹಾಕ್ಬೇಕಮ್ಮ, ಆದ್ರೆ ಮೂಗು ಮುಚ್ಚಬಾರ್ದು" ಎಂದು, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ತಟ್ಟೆ ಹಿಡಿದು ನಿಂತವರಿಗೆಲ್ಲ ಹೇಳುತ್ತಿದ್ದರು. ಅವರು 'ಸ್ವೆಟರ್' ಎನ್ನುತ್ತಿದ್ದಂತೆ ಉಳಿದದ್ದನ್ನು ನಾವೇ ಕೋರಸ್ಸಿನಲ್ಲಿ ಮುಗಿಸುತ್ತಿದ್ದೆವು. ಅವರೂ ನಗುತ್ತಿದ್ದರು.

ಆ ಮಾತಿನ ಹಿಂದೆ ಏನಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ಆಂಟಿ ಮೈಸೂರಿನವರು, ಮಿಷಿಗನ್‌ನ ಚಳಿ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಶಾಲು ಹೊದ್ದು ನಡುಗುತ್ತಿದ್ದ ಹೆಂಡತಿಯನ್ನು ನೋಡಲಾರದೆ ಅಂಕಲ್ ಮನೆಯ ಒಂದೊಂದು ಸಂದನ್ನೂ ತಾವೇ ಮುಚ್ಚಿದರು. ಅಡುಗೆಮನೆಯ ಹೊಗೆ ಹೋಗುವ ಕಿಂಡಿಯಿಂದ ತಣ್ಣನೆ ಗಾಳಿ ಬರುತ್ತದೆಂದು ಅದಕ್ಕೂ ಫೋಮ್ ತುಂಬಿದರು. ಒಳಗೆ ದಿನಾ ಅನ್ನ ಬೇಯುತ್ತಿತ್ತು, ಇಡ್ಲಿ ಬೇಯುತ್ತಿತ್ತು. ಡ್ರೈಯರ್‌ಗೆ ಹಾಕಿದರೆ ಕಾಟನ್ ಸೀರೆ ಹಾಳಾಗುತ್ತದೆಂದು ಆಂಟಿ ಬೇಸ್‌ಮೆಂಟಿನಲ್ಲಿ ಹಗ್ಗ ಕಟ್ಟಿ ಒಣಹಾಕುತ್ತಿದ್ದರು. ಅಷ್ಟೂ ತೇವಕ್ಕೆ ಹೊರಹೋಗುವ ದಾರಿಯಿರಲಿಲ್ಲ. ಅದು ತಣ್ಣಗಿದ್ದ ಹೊರಗೋಡೆಯೊಳಗೆ ಸೇರಿ ನೀರಾಯಿತು, ಮಂಚದ ಹಿಂದೆ ಗೋಡೆಯೊಳಗೇ ಕಪ್ಪು ಬೂಷ್ಟು ಬೆಳೆಯಿತು. ಕಣ್ಣಿಗೆ ಬೀಳುವ ಹೊತ್ತಿಗೆ ಆಂಟಿಯ ಶ್ವಾಸಕೋಶ ಗಟ್ಟಿಯಾಗತೊಡಗಿತ್ತು. ಬೂಷ್ಟಿನ ಧೂಳು ಕಾರಣವಿರಬಹುದು ಎಂದರು ಡಾಕ್ಟರು. 'ಇರಬಹುದು' ಎಂಬುದು ಅಂಕಲ್ ಕಿವಿಗೆ ಬೀಳಲೇ ಇಲ್ಲ.

ನಮ್ಮ ಗೃಹಪ್ರವೇಶ ಫೆಬ್ರವರಿಯಲ್ಲಿ. ಮಗಳಿಗೆ ಆಗಿನ್ನೂ ಹಲ್ಲು ಮೂಡಿರಲಿಲ್ಲ. ಪೂಜೆಗೆ ಎಷ್ಟೋ ಮುಂಚೆಯೇ ನಾವು ಬಂದು ಇಳಿದಿದ್ದ ಆ ಮನೆಯಲ್ಲಿ ಅವಳಿಗೆ ಕೆಮ್ಮು ಬಿಟ್ಟಿರಲಿಲ್ಲ. ಪೂಜೆಯ ನಡುವೆ ಅಂಕಲ್ ಕಾಣೆಯಾದರು. ಹೋಗಿ ನೋಡಿದರೆ ಮಹಡಿಯ ಬಾತ್‌ರೂಮಿನಲ್ಲಿ ಟಿಶ್ಯೂ ಹಿಡಿದು ನಿಂತಿದ್ದಾರೆ. ಟಿಶ್ಯೂ ಕೆಳಗೆ ಬಿತ್ತು.

"ಮಗು ಯಾವ ರೂಮಲ್ಲಿ ಮಲಗತ್ತೆ?" ಎಂದು ಕೇಳಿದರು.

"ಇದೇ ಪಕ್ಕದ್ರಲ್ಲಿ ಅಂಕಲ್."

"ನಾಳೆ ಬರ್ತೀನಿ. ಅಟ್ಟ ನೋಡ್ಬೇಕು."

"ಕೊಳ್ಳೋ ಮುಂಚೆನೇ ಇನ್‌ಸ್ಪೆಕ್ಷನ್ ಎಲ್ಲ ಆಗಿದೆ ಅಂಕಲ್" ಎಂದರು ನನ್ನ ಗಂಡ. ಅತ್ತೆ ನನ್ನ ಕಿವಿಯಲ್ಲಿ, "ಇವರನ್ನ ಊಟಕ್ಕೆ ಕರೆದ್ರೆ ರಿಪೇರಿ ಹುಡುಕ್ತಾರೆ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಮರುದಿನ ಆ ವಯಸ್ಸಿನಲ್ಲಿ ಏಣಿ ಹತ್ತಿ ಅಟ್ಟಕ್ಕೆ ಹೋದರು. ಫ್ಯಾನಿನ ಪೈಪು ಸೂರಿನಾಚೆಗೆ ಹೋಗದೆ, ಅರ್ಧ ಮಡಚಿಕೊಂಡು ಅಟ್ಟದಲ್ಲೇ ಬಾಯಿ ತೆರೆದು ಬಿದ್ದಿತ್ತು. ನಾವು ಸ್ನಾನ ಮಾಡಿದ ಬಿಸಿನೀರಿನ ಹಬೆಯೆಲ್ಲ ಮೇಲೆ ಹೋಗಿ, ಸೂರಿನ ಹಲಗೆಗೆ ಹಿಮವಾಗಿ ಹಿಡಿದು, ಬಿಸಿಲು ಬಂದಾಗ ಕರಗಿ ಮಗಳ ತೊಟ್ಟಿಲ ಮೇಲಿನ ಸೀಲಿಂಗ್‌ಗೆ ಇಳಿಯುತ್ತಿತ್ತು. ಆ ಸೀಲಿಂಗಿನ ಮೇಲ್ಮೈ ಪೂರ್ತಿ ಬೂಷ್ಟು ಹಿಡಿದು ಕಪ್ಪಾಗಿತ್ತಂತೆ. ಕೆಳಗಿಳಿದು ಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೊಟ್ಟ ಕಾಫಿ ಕೈಯಲ್ಲೇ ಆರಿತು. ತಮ್ಮ ಮನೆಯ ಕಥೆಯನ್ನು ಅವರು ಹೇಳಿದ್ದು ಆಗಲೇ.

"ಆಫೀಸಲ್ಲಿ ಇಂಜಿನಿಯರ್ ಆಗಿದ್ದೆ ಕಣಮ್ಮ. ಮನೇಲಿ ಬರೀ ಗಂಡ ಆಗ್ಬಿಟ್ಟೆ. ಅವಳಿಗೆ ಚಳಿ ಆಗ್ಬಾರ್ದು, ಅಷ್ಟೇ ತಲೇಲಿದ್ದಿದ್ದು."

ಮಗುವನ್ನು ಆ ಕೋಣೆಯಿಂದ ಆಚೆ ಮಲಗಿಸಿದೆವು. ಕೆಟ್ಟ ಹಲಗೆ ತೆಗೆಸಿ, ಪೈಪನ್ನು ಸೂರಿನಾಚೆಗೆ ಕೂರಿಸುವವರೆಗೂ ಅಂಕಲ್ ಕೆಲಸದವರ ಬೆನ್ನು ಬಿಡಲಿಲ್ಲ. ಚಳಿ ಕಳೆಯುವುದರೊಳಗೆ ಮಗಳ ಕೆಮ್ಮು ನಿಂತಿತು. ಆ ಖುಷಿಗೆ ಕೇಸರಿಬಾತ್ ಮಾಡಿಕೊಂಡು, ಮಗುವನ್ನೂ ಎತ್ತಿಕೊಂಡು ಅವರ ಮನೆಗೆ ಹೋದೆ. ಆಕ್ಸಿಜನ್ ಮೆಷಿನ್ ಪಕ್ಕದಲ್ಲಿ ಕೂತಿದ್ದ ಆಂಟಿಯ ಮುಂದೆ, ಕೆಮ್ಮು ನಿಂತದ್ದನ್ನು ಸಡಗರದಿಂದ ಹೇಳಿದೆ. ಹೇಳುತ್ತಾ ಹೇಳುತ್ತಾ, ಎಂಥ ಕಡೆ ಎಂಥ ಮಾತಾಡುತ್ತಿದ್ದೇನೆಂದು ನನಗೇ ನಾಚಿಕೆಯಾಯಿತು.

ಆಂಟಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಎದೆಗೆ ಕಿವಿಯಿಟ್ಟು ಕೇಳಿದರು. "ಚೆನ್ನಾಗಿ ಆಡ್ತಿದೆ ಉಸಿರು" ಎಂದು, ಗಂಡನ ಕಡೆ ತಿರುಗಿ, "ನೋಡಿ, ನೀವು ಇನ್ನು ಸಾಕು ಮಾಡಿ. ನನಗೆ ಚಳಿ ಅಂತೂ ಆಗ್ಲಿಲ್ವಲ್ಲ" ಎಂದರು. ಅಂಕಲ್ ಎದ್ದು ಗರಾಜಿಗೆ ಹೋದರು. ನಾನು ಹೊರಡುವವರೆಗೂ ಬರಲಿಲ್ಲ.

ಅದಾಗಿ ಎರಡು ಚಳಿಗಾಲ ಕಳೆದ ಮೇಲೆ ಆಂಟಿ ಹೋದರು. ಅಂಕಲ್ ಸಾಕು ಮಾಡಲಿಲ್ಲ. ಯಾರು ಮನೆ ಕೊಂಡರೂ ಏಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗುತ್ತಿದ್ದರು. ಕರೆಯದಿದ್ದರೂ ಹೋಗುತ್ತಿದ್ದರು. ಯಾರೂ ಈಗ ನಗುತ್ತಿರಲಿಲ್ಲ, ನಕ್ಕಿದ್ದರೇ ಅವರಿಗೆ ಹಗುರವಾಗುತ್ತಿತ್ತೇನೋ. ಒಮ್ಮೆ ತಡೆಯಲಾರದೆ, "ನಿಮ್ಮ ತಪ್ಪಿಲ್ಲ ಅಂಕಲ್, ಪ್ರೀತಿಯಿಂದ ಮಾಡಿದ್ರಿ" ಎಂದುಬಿಟ್ಟೆ.

"ಅವಳೂ ಹಾಗೇ ಹೇಳ್ತಿದ್ಲು. ನೀನು ಹೇಳ್ಬೇಡ" ಎಂದರು, ಸಿಟ್ಟಿಲ್ಲದೆ.

ಕಳೆದ ಶರತ್ಕಾಲದಲ್ಲಿ ನಿದ್ದೆಯಲ್ಲೇ ಹೋದರು. ಕೊನೆಯ ದರ್ಶನಕ್ಕೆ ಬಂದವರಲ್ಲಿ ಮುಕ್ಕಾಲು ಜನರ ಅಟ್ಟ ಅವರು ಹತ್ತಿದ್ದೇ.

ಮಗಳು ಈಗ ಹೈಸ್ಕೂಲಿನ ಓಟದ ತಂಡದಲ್ಲಿದ್ದಾಳೆ. ಅಂಕಲ್ ಹೋದ ಸುದ್ದಿ ಹೇಳಿದಾಗ, "ದಿ ಆಟಿಕ್ ಅಂಕಲ್? ಅಟ್ಟ ಹತ್ತೋರಾ?" ಎಂದು ಕೇಳಿದಳು. ಅವಳು ಮೈಲಿಗಟ್ಟಲೆ ಓಡಿ ಬಂದು ನಿಂತು ಏದುಸಿರು ಬಿಡುವಾಗ ಉಳಿದ ತಾಯಂದಿರು ಚಪ್ಪಾಳೆ ತಟ್ಟುತ್ತಾರೆ. ನಾನು ತಟ್ಟುತ್ತೇನೆ, ಆದರೆ ಕಳ್ಳಮಾಲು ಇಟ್ಟುಕೊಂಡವಳ ಹಾಗೆ ಎದೆ ಕುಗ್ಗುತ್ತದೆ. ಆಂಟಿಯ ಮನೆಯಲ್ಲಿ ಆ ತಪ್ಪು ನಡೆಯದೇ ಇದ್ದಿದ್ದರೆ ನಮ್ಮ ಅಟ್ಟವನ್ನು ಯಾರೂ ಹತ್ತುತ್ತಿರಲಿಲ್ಲ. ಅದು ನಡೆಯಲೇಬಾರದಿತ್ತು ಎಂದು ದೇವರ ಮುಂದೆ ಕೂತು ಮನಸಾರೆ ಅಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿ ನೋಡಿದ್ದೇನೆ. ಒಮ್ಮೆಯೂ ಆಗಿಲ್ಲ.