ಸಿಲಿಯಾಕ್ ಜೀನು ಯಾರ ಕಡೇದು?

ಸ್ನೇಹಿತ್ರೇ, ಇವತ್ತು ಇಂದಿರಾನಗರದ ಕ್ಲಿನಿಕ್ಕಲ್ಲಿ ನಕ್ಕು ನಕ್ಕು ಸುಸ್ತಾಗಿ ಬಂದಿದ್ದೀನಿ.

ನನ್ನ ಹೊಟ್ಟೆಯುಬ್ಬರಕ್ಕೆ ಸಿಲಿಯಾಕ್, ಅಂದ್ರೆ ಗೋಧಿ ತಿಂದ್ರೆ ಕರುಳು ಕೆಡೋ ಕಾಯಿಲೆ, ಕಾರಣ ಇರಬಹುದಾ ಅಂತ ಟೆಸ್ಟ್ ಮಾಡಿಸಿದ್ದೆ. ಜೀನ್ ರಿಪೋರ್ಟ್ ಪಾಸಿಟಿವ್ ಬಂತು. ಇನ್ನು ಈ ಜನ್ಮಕ್ಕೆ ಪೂರಿ ಇಲ್ಲ ಅಂತ ಬೆಳಿಗ್ಗೆ ಅತ್ತೂ ಬಿಟ್ಟಿದ್ದೆ.

ಜೊತೆಗೆ ಬಂದಿದ್ದ ಅಮ್ಮ ಮತ್ತು ಅಪ್ಪನ ಅಕ್ಕ, ನಮ್ಮತ್ತೆ, ಡಾಕ್ಟರ್ ಮುಂದೇನೇ ಶುರು ಹಚ್ಕೊಂಡ್ರು.

"ಇದು ನಿಮ್ಮ ಕಡೇದೇ ಅತ್ತಿಗೆ" ಅಂದ್ರು ಅಮ್ಮ.

"ನಮ್ಮನೇಲಿ ಎಲ್ರೂ ಕಲ್ಲು ತಿಂದ್ರೂ ಅರಗಿಸ್ಕೊಳ್ಳೋರು" ಅಂದ್ರು ಅತ್ತೆ.

ಡಾಕ್ಟರ್ ಸಾಕು ಅನ್ನೋ ಹಾಗೆ ಕೈ ಎತ್ತಿದ್ರು. "ಈ ಜೀನ್ ತುಂಬಾ ಜನಕ್ಕಿರುತ್ತೆ, ಹೆಚ್ಚಿನವರಿಗೆ ಕಾಯಿಲೆ ಬರೋದೇ ಇಲ್ಲ. ಕಾಯಿಲೆ ಇದ್ಯಾ ಅಂತ ನೋಡೋ ಬ್ಲಡ್ ಟೆಸ್ಟ್ ನಾರ್ಮಲ್ ಇದೆ. ಗೋಧಿ ಬಿಟ್ಟಿದ್ರೆ ಅದ್ರಲ್ಲಿ ಸರಿಯಾಗಿ ಗೊತ್ತಾಗಲ್ಲ. ಟೆಸ್ಟ್‌ಗೆ ಮುಂಚೆ ತಿಂತಿದ್ರಾ?"

"ದಿನಾ ಚಪಾತಿ ಡಾಕ್ಟ್ರೇ."

"ಹಾಗಾದ್ರೆ ಈಗ ಸಿಲಿಯಾಕ್ ಇರೋ ಸಾಧ್ಯತೆ ಬಹಳ ಕಡಿಮೆ. ಜೀನ್ ಸುಮ್ನೆ ಕೂತಿದೆ ಅಷ್ಟೆ. ಉಬ್ಬರಕ್ಕೆ ಬೇರೆ ಕಾರಣ ಹುಡುಕೋಣ."

ಅಮ್ಮ ತಕ್ಷಣ ಅತ್ತೆ ಕಡೆ ತಿರುಗಿದ್ರು. "ನೋಡಿದ್ರಾ? ಇದ್ದೂ ಏನೂ ಕೆಲ್ಸ ಮಾಡಲ್ವಂತೆ. ಖಂಡಿತ ನಿಮ್ಮ ತಮ್ಮಂದೇ!"

ಎಲ್ರಿಗಿಂತ ಜೋರಾಗಿ ನಕ್ಕಿದ್ದು ಅತ್ತೆನೇ.

ಆಟೋದಲ್ಲಿದ್ದಾಗ ಅಪ್ಪ ಫೋನ್ ಮಾಡಿ, "ಡಾಕ್ಟರ್ ಏನಂದ್ರು?" ಅಂದ್ರು. ಮೂವರೂ ಮತ್ತೆ ನಗೋಕೆ ಶುರು ಮಾಡಿದ್ವಿ. ದಯವಿಟ್ಟು ಯಾರೂ ಅಪ್ಪನ್ನ ಇಲ್ಲಿ ಟ್ಯಾಗ್ ಮಾಡ್ಬೇಡಿ.